ನುಂಗಿದ ಬೀಜ

"ಸಾಕ್ಸ್ ಬಿಚ್ಚಿ!"

ಲಾಸ್ತೇನಿಯಾ ಬೆಚ್ಚಿದಳು. ಬಿಳಿ ಮೇಜು, ಕಣ್ಣು ಕುಕ್ಕುವ ದೀಪ, ಅದರ ಹಿಂದೆ ನಗುವೇ ಇಲ್ಲದ ಒಂದು ಮುಖ.

"ಇವು ಹೊಸವು..."

"ಹೊಸವಾದ್ರೂ ಬಿಚ್ಚಿ. ಲಾ ವಿಯುದಾ ದ್ವೀಪಕ್ಕೆ ಹೋಗೋರು ಯಾರೇ ಆಗ್ಲಿ."

ಅವನು ಫ್ಲಾವಿಯೋ. ಜನರಿಲ್ಲದ ದ್ವೀಪಗಳಿಗೆ ಹೊರಟವರ ಬಟ್ಟೆ, ಬೂಟು, ಚೀಲಗಳನ್ನು ಜಾಲಾಡುವುದೇ ಅವನ ಕೆಲಸ. ಚಿಮಟದಿಂದ ಅವಳ ಸಾಕ್ಸಿನ ಅಂಚು ಕೆದಕಿ ಏನನ್ನೋ ಎಳೆದು ದೀಪಕ್ಕೆ ಹಿಡಿದ.

ಸಾಸಿವೆಗಿಂತ ಚಿಕ್ಕದು. ಮೈತುಂಬ ಕೊಕ್ಕೆಗಳಿದ್ದ ಬೀಜ!

"ಇದು ಅಲ್ಲಿ ಉದುರಿದ್ದಿದ್ರೆ?"

"ನಂಗೆ ಗೊತ್ತು ಸರ್... ಸಾಂತಾ ಕ್ರೂಸ್ ಬೆಟ್ಟದಲ್ಲಿ ನಮ್ಮಪ್ಪನ ಹುಲ್ಲುಗಾವಲನ್ನ ಹೊರಗಿಂದ ಬಂದ ಮೋರಾ ಮುಳ್ಳುಪೊದೆ ನುಂಗಿದ್ದನ್ನ ನೋಡ್ತಾನೇ ಬೆಳೆದವಳು ನಾನು. ಮೊದಲು ಬೇಲಿ, ಆಮೇಲೆ ದಾರಿ, ಕೊನೆಗೆ ಬಾವಿ. ಈಗಲೂ ಕನಸಲ್ಲಿ ಬರುತ್ತೆ."

ಫ್ಲಾವಿಯೋ ಮೊದಲ ಬಾರಿ ಅವಳ ಮುಖ ನೋಡಿದ. ಆ ನೋಟದಲ್ಲಿ ತಪಾಸಣೆ ಇರಲಿಲ್ಲ.

ಲಾ ವಿಯುದಾ ಎಂದರೆ ಕರಿಯ ಲಾವಾ ಕಲ್ಲು, ಒಂದು ಚೂರು ಮರಳು, ಸುತ್ತ ಸಮುದ್ರ. ಗಾಳಿ ತಂದದ್ದು, ಹಕ್ಕಿ ತಂದದ್ದು, ಅಲೆ ತಂದದ್ದು... ಅಲ್ಲಿ ಅಷ್ಟೇ ಬೆಳೆಯಬೇಕು. ಮನುಷ್ಯ ತಂದದ್ದು ಒಂದೂ ಇರಕೂಡದು. ಹೊಸದಾಗಿ ಏನು ಚಿಗುರಿದೆ ಎಂದು ಹುಡುಕುವ ಕೆಲಸಕ್ಕೆ ಲಾಸ್ತೇನಿಯಾ ಸೇರಿದ್ದಳು. ಹೊಟ್ಟೆಯೊಳಗಿನ ಬೀಜವೂ ಅಲ್ಲಿ ಬೀಳಬಾರದೆಂದು ಹೊರಡುವ ಮುಂಚಿನ ದಿನಗಳಲ್ಲಿ ಬೀಜದ ಹಣ್ಣು ತಿನ್ನುವಂತಿರಲಿಲ್ಲ. ಸೀಬೆ ಇಲ್ಲ, ಟೊಮೆಟೊ ಇಲ್ಲ. ಬರೀ ಅನ್ನ, ಮೀನು, ಬಾಳೆಕಾಯಿ.

ಹೊರಡುವ ಬೆಳಿಗ್ಗೆ, ತಾನೂ ಜೊತೆಗೆ ಹೊರಟಿದ್ದ ಫ್ಲಾವಿಯೋ ಹಡಗುಕಟ್ಟೆಗೆ ಒಂದು ಬಾಟಲಿ ಹಿಡಿದು ಬಂದ. ಮರಕುಯಾ, ಅಂದರೆ ಪ್ಯಾಶನ್ ಹಣ್ಣಿನ ರಸ!

"ಅಮ್ಮನ ಅಂಗಡಿದು. ನಾನೇ ಬಟ್ಟೇಲಿ ಸೋಸಿದೀನಿ, ಒಂದು ಬೀಜನೂ ಇಲ್ಲ. ಹಸಿದ ಹೊಟ್ಟೇಲಿ ದೋಣಿ ಹತ್ತಬೇಡಿ."

ಎಲ್ಲರನ್ನೂ ಗದರುವ ಆ ಮನುಷ್ಯನ ಕಿವಿ ಕೆಂಪಾಗಿತ್ತು. ಅವಳು ಗಟಗಟ ಕುಡಿದಳು.

ದೋಣಿಯ ದೋನ್ ನಾಪೋ ಗಹಗಹಿಸಿದ. "ಮೂವತ್ತು ವರ್ಷದಿಂದ ದೋಣಿ ಓಡಿಸ್ತಿದೀನಿ, ಈ ಜಿಪುಣ ನಂಗೊಂದು ಲೋಟ ನೀರು ಕೊಟ್ಟಿಲ್ಲ ಕಣಮ್ಮಾ!"

ಅಂದು ಸಮುದ್ರ ಕೆರಳಿತ್ತು. ದ್ವೀಪದ ಮರಳಿಗೆ ಕಾಲಿಟ್ಟಿದ್ದೇ ತಡ, ಲಾಸ್ತೇನಿಯಾ ಬಗ್ಗಿ ವಾಂತಿ ಮಾಡಿಕೊಂಡಳು. ಫ್ಲಾವಿಯೋ ವಾಂತಿ ಬಿದ್ದ ಮರಳನ್ನೆಲ್ಲ ಬಕೆಟ್ಟಿಗೆ ಬಾಚಿ ತುಂಬಿಕೊಂಡ. ಒಂದು ಮಾತೂ ಆಡಲಿಲ್ಲ.

ಊರಿಗೆ ಮರಳಿದ ಮೇಲೂ ಆಡಲಿಲ್ಲ. ಅವಳು ಬಂದರೆ ಎದ್ದು ಹೋಗುತ್ತಿದ್ದ. 'ನನ್ನ ಕಂಡ್ರೆ ಅಸಹ್ಯವಾ? ಅಥವಾ... ಗೊತ್ತಾಗಿಬಿಟ್ಟಿದೆಯಾ?'

ಏಕೆಂದರೆ ಅವಳು ಒಂದು ಗುಟ್ಟು ಬಚ್ಚಿಟ್ಟಿದ್ದಳು.

ಸೆಕೆಯ ಮಳೆಗಾಲ ಮುಗಿಯಿತು. ಮತ್ತೆ ಅದೇ ದೋಣಿ, ಅದೇ ಮೂವರು. ದೋನ್ ನಾಪೋ ದೋಣಿಯಲ್ಲೇ ಉಳಿದ, ಫ್ಲಾವಿಯೋ ಬಂಡೆಗಳ ಆಚೆ ಹೋದ. ಲಾಸ್ತೇನಿಯಾಳ ಕಾಲು ತಾನಾಗಿಯೇ ಅಂದು ವಾಂತಿ ಮಾಡಿದ್ದ ಜಾಗಕ್ಕೆ ನಡೆಯಿತು.

ಅಯ್ಯೋ ದೇವರೇ!

ಎರಡು ಕಲ್ಲಿನ ಸಂದಿಯಲ್ಲಿ ಒಂದು ಬಳ್ಳಿ. ಗೇಣುದ್ದ. ಹೊಳೆಯುವ ಎಲೆ, ಗಾಳಿಯಲ್ಲಿ ಆಸರೆ ತಡಕುತ್ತಿದ್ದ ಸುರುಳಿ ತಂತು. ಅಜ್ಜಿಯ ಬೇಲಿಯ ಮೇಲೆ ದಿನವೂ ನೋಡಿದ್ದ ಮರಕುಯಾ!

ಅದು ಹೂ ಬಿಟ್ಟರೆ? ಹಣ್ಣಾದರೆ? ಹಕ್ಕಿ ತಿಂದು ದ್ವೀಪದ ಉದ್ದಗಲಕ್ಕೂ ಉದುರಿಸಿದರೆ? ಅಪ್ಪನ ಬಾವಿಯ ಮೇಲೆ ಹೆಣೆದುಕೊಂಡ ಮುಳ್ಳು ಕಣ್ಣ ಮುಂದೆ ಬಂತು.

'ಕಿತ್ತು ಜೇಬಿಗೆ ಹಾಕ್ಕೋ. ಯಾರಿಗೂ ಗೊತ್ತಾಗಲ್ಲ. ಹೇಳಿದ್ರೆ ಇನ್ನೆಂದೂ ಇಲ್ಲಿ ಇಳಿಯೋಕೆ ಬಿಡಲ್ಲ... ಕಿತ್ತುಬಿಡು!'

ಬೆರಳು ಕಾಂಡಕ್ಕೆ ತಾಗಿತು.

"ನಿಲ್ಲಿ!"

ಹಿಂದೆ ಫ್ಲಾವಿಯೋ. ಮುಖ ಬಿಳಿಚಿಕೊಂಡಿತ್ತು. "ಹಾಗೆ ಎಳೆದ್ರೆ ಬೇರು ಒಳಗೇ ಉಳಿಯುತ್ತೆ. ಮತ್ತೆ ಚಿಗುರಿದ್ರೆ?"

ಅವಳ ಕಣ್ಣು ತುಂಬಿತು. "ಹೇಳಿಬಿಡಿ ಎಲ್ಲರಿಗೂ! ಇದು ನನ್ನ ಹೊಟ್ಟೆಯಿಂದ ಬಂದಿದ್ದು ಅಂತ ಗೊತ್ತಾಗೇ ತಾನೇ ನೀವು ಮಾತು ಬಿಟ್ಟಿದ್ದು?"

"ನಾನು ಮಾತು ಬಿಟ್ಟಿದ್ದು..." ಅವನು ಕುಸಿದು ಕೂತ. "ಆವತ್ತು ಮನೆಗೆ ಹೋಗಿ ಸೋಸೋ ಬಟ್ಟೆ ಒಗೆದೆ. ಅದರಲ್ಲಿ ತೂತಿತ್ತು, ಲಾಸ್ತೇನಿಯಾ. ನನ್ನ ಬೆರಳು ತೂರೋವಷ್ಟು! ಬಕೆಟ್ಟಿನ ಮರಳೆಲ್ಲ ಜರಡಿ ಹಿಡಿದೆ, ಎರಡು ಬೀಜ ಸಿಕ್ತು. ಎಲ್ಲಾ ಸಿಕ್ತು ಅಂತ ನಂಬ್ಕೊಂಡೆ... ನಂಬ್ಕೊಳ್ಳೋಕೆ ನೋಡ್ದೆ. ಒಂದು ರಾತ್ರಿನೂ ನಿದ್ದೆ ಮಾಡಿಲ್ಲ. ನಿಮ್ಮ ಮುಖ ನೋಡೋ ಧೈರ್ಯ ಎಲ್ಲಿಂದ ತರ್ಲಿ?"

ಅವಳು ಬಿಕ್ಕಿದಳು. "ನಂಗೂ ಗೊತ್ತಿತ್ತು! ಕುಡಿಯುವಾಗ ನಾಲಿಗೆಗೆ ಬೀಜ ಸಿಕ್ತು. ಉಗುಳಬೇಕಿತ್ತು. ಆದ್ರೆ ನೀವು ಅಷ್ಟು ಆಸೆಯಿಂದ ನೋಡ್ತಿದ್ರಿ... ನಿಮಗೆ ಬೇಜಾರಾಗುತ್ತೆ ಅಂತ ನುಂಗಿಬಿಟ್ಟೆ."

ಅಲೆ ಬಂದು ಹೋಯಿತು.

ಆಮೇಲೆ ಇಬ್ಬರೂ ಮಂಡಿಯೂರಿ ಅಗೆದರು. ಕಲ್ಲು ಸರಿಸಿ, ಮರಳು ಬಗೆದು, ಕೂದಲಿನಂಥ ಬೇರಿನ ತುದಿಯವರೆಗೂ. ಅವಳ ಉಗುರಲ್ಲಿ ರಕ್ತ ಬಂತು. ಬಳ್ಳಿಯನ್ನು ಡಬ್ಬಿಗೆ ಹಾಕಿ ಬಿಗಿದು ಮುಚ್ಚಿದರು.

"ಇನ್ನೂ ಬೀಜ ಇದ್ರೆ?" ಅವಳು ಪಿಸುಗುಟ್ಟಿದಳು.

"ಇರಬಹುದು."

"ಮುಖ್ಯಸ್ಥರಿಗೆ ಹೇಳೋಣ. ಈ ಡಬ್ಬಿ ಅವರ ಮೇಜಿನ ಮೇಲಿಡೋಣ."

"ನಾನೊಬ್ಬನೇ ಹೇಳ್ತೀನಿ. ಬಟ್ಟೆ ನಂದು."

"ನುಂಗಿದ್ದು ನಾನು!"

"ಕೆಲಸ ಹೋಗುತ್ತೆ, ಲಾಸ್ತೇನಿಯಾ."

"ಹೋಗ್ಲಿ. ಮುಂದೆ ಇಲ್ಲಿ ಕಣ್ಣಿಟ್ಟು ಕಾಯೋರಿಗೆ ಈ ಜಾಗ ಯಾವುದು ಅಂತ ಗೊತ್ತಿರಬೇಕಲ್ಲ."

ದೋಣಿ ಹತ್ತಿದಾಗ ದೋನ್ ನಾಪೋ ಅವರ ಮರಳು ಅಂಟಿದ ಮೊಣಕಾಲು ನೋಡಿದ, ಡಬ್ಬಿ ನೋಡಿದ. ತಮಾಷೆ ಮಾಡಲಿಲ್ಲ. "ಕೂತ್ಕೊಳ್ಳಿ ಮಕ್ಕಳೇ" ಎಂದಷ್ಟೇ ಹೇಳಿ ಎಂಜಿನ್ ಶುರು ಮಾಡಿದ.

ಫ್ಲಾವಿಯೋ ಅವಳ ಕಾಲ ಬಳಿ ಕೂತು ಸಾಕ್ಸಿನ ಅಂಚು ಬಿಡಿಸಿ ನೋಡತೊಡಗಿದ.

"ನಮ್ಮನ್ನ ಮತ್ತೆ ದ್ವೀಪಕ್ಕೆ ಇಳಿಯೋಕೆ ಬಿಡದಿದ್ರೆ?" ಅವಳು ಕೇಳಿದಳು.

"ಪ್ರತಿ ಮಳೆ ಆದ್ಮೇಲೂ ಮುಖ್ಯಸ್ಥರ ಬಾಗಿಲು ತಟ್ಟಿ ಕೇಳೋಣ, ಏನಾದ್ರೂ ಚಿಗುರಿತಾ ಅಂತ."

"ಎಷ್ಟು ವರ್ಷ?"

"ಗೊತ್ತಿಲ್ಲ. ನಂಗೆ ತುಂಬಾ ಭಯ ಆಗ್ತಿದೆ, ಲಾಸ್ತೇನಿಯಾ. ಒಬ್ಬನೇ ಕಾಯೋಕೆ ಆಗಲ್ಲ... ಜೊತೆಗಿರ್ತೀಯಾ?"

ಮೊದಲ ಬಾರಿ ಏಕವಚನದಲ್ಲಿ ಕೇಳಿದ್ದ!

ಅವಳು ಅವನ ಮರಳು ಮೆತ್ತಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಇರ್ತೀನಿ. ಆದ್ರೆ ಫ್ಲಾವಿಯೋ..."

"ಹೇಳು."

"ಇನ್ಮೇಲೆ ರಸ ನಾನು ಸೋಸ್ತೀನಿ."