ಕೇಳದೆ ಬರೆದ ವಿಳಾಸ

"ಮುಟ್ಬೇಡಿ ಅದ್ನ!"

ಸ್ಕ್ರೂಡ್ರೈವರ್ ಹಿಡಿದವನ ಕೈ ಅಲ್ಲೇ ನಿಂತಿತು. ಆರು ವರ್ಷ ಕೂತು ಕಾಲರ್ ಹೊಲಿದ ಮೆಷಿನ್ನಿಗೆ ಹೇಮಶ್ರೀ ಅಡ್ಡ ನಿಂತಿದ್ದಳು.

"ನಾನು ತಿಮ್ಮೇಶ ಕಣ್ರೀ, ಮೆಕ್ಯಾನಿಕ್ಕು. ಹೊಣಕೆರೆಯೋನು. ಬಿಚ್ಚೋಕೆ ಕಳ್ಸವ್ರೆ, ಬಂದಿವ್ನಿ."

"ಶ್ರೀರಂಗಪಟ್ಟಣದಲ್ಲಿ ಚೆನ್ನಾಗೇ ನಡೀತಿತ್ತಲ್ಲ ಗಾರ್ಮೆಂಟ್ಸು! ನಿಮ್ಮೂರ್ಗೆ ಯಾಕೆ ಎತ್ಕೊಂಡೋಗ್ಬೇಕು?"

"ನಮ್ದು ಹಿಂದುಳಿದ ತಾಲ್ಲೂಕಂತೆ. ಅಲ್ಲಿಗೋದ್ರೆ ಕಂಪ್ನಿಗೆ ಸಬ್ಸಿಡಿ, ತೆರಿಗೆ ರಿಯಾಯ್ತಿ ಎಲ್ಲಾ ಸಿಗ್ತದೆ. ಆದ್ರೆ ಆ ಕಡೆಯೋರಿಗೇ ಕೆಲ್ಸ ಕೊಡ್ಬೇಕು."

"ಅಂಗಾದ್ರೆ ನಾವು ಮುಂದುವರಿದೋರಾ? ಯಾವತ್ತು ಮುಂದುವರುದ್ವೋ, ನಂಗೇ ಗೊತ್ತಾಗ್ನಿಲ್ವಲ್ಲ!"

ಅಷ್ಟು ಹೇಳಿ ಅವಳೇ ಪಕ್ಕಕ್ಕೆ ಸರಿದಳು. ಗಾರ್ಮೆಂಟ್ಸ್ ಮುಚ್ಚುವ ನೋಟೀಸು ಅಂಟಿಸಿದ ದಿನದಿಂದ ಅವಳ ಮನಸ್ಸು ಮರಗಟ್ಟಿಹೋಗಿತ್ತು. ಅಳು ಬರುತ್ತಿರಲಿಲ್ಲ, ಸಿಟ್ಟು ಬಂದರೂ ನಿಲ್ಲುತ್ತಿರಲಿಲ್ಲ. ಮನೆಯಲ್ಲಿ ಅವ್ವ ಇಂದ್ರಮ್ಮ ಅಳುತ್ತಿದ್ದರೆ ಇವಳು ಸುಮ್ಮನೆ ಮುದ್ದೆ ಮುರಿದು ನುಂಗುತ್ತಿದ್ದಳು... ರುಚಿಯೇ ಇಲ್ಲ.

ಮೆಷಿನ್ನುಗಳನ್ನೆಲ್ಲ ಬಿಚ್ಚಿ ಸಾಗಿಸಲು ಮೂರು ವಾರ ಬೇಕಾಯಿತು. ನಂಬರಿನ ಚೀಟಿ ಅಂಟಿಸಲು ಹೇಮಶ್ರೀಯನ್ನು ಉಳಿಸಿಕೊಂಡಿದ್ದರು. ಊಟದ ಹೊತ್ತಿಗೆ ತಿಮ್ಮೇಶ ತನ್ನ ಡಬ್ಬಿಯ ಉಪ್ಸಾರನ್ನು ಅವಳತ್ತ ಸರಿಸುತ್ತಿದ್ದ.

'ಅಯ್ಯೋ ಪಾಪ ಅಂದ್ಕೊಂಡವ್ನೆ' ಎಂದುಕೊಂಡೇ ಅವಳು ಉಂಡಳು. ಬರಬರುತ್ತಾ ಅವನು ತಡವಾಗಿ ಬಂದರೆ ಕಣ್ಣು ಗೇಟಿನತ್ತ ಹೋಗುತ್ತಿತ್ತು. ಯಾಕೆಂದು ತನ್ನನ್ನೇ ಕೇಳಿಕೊಳ್ಳುವ ತ್ರಾಣವೂ ಅವಳಲ್ಲಿರಲಿಲ್ಲ.

ಹೊಸ ಯೂನಿಟ್ಟಿಗೆ ಊರವರ ಪಟ್ಟಿ ಮಾಡುವ ಕೆಲಸವೂ ತಿಮ್ಮೇಶನದೇ. ಕೊನೆಯ ಲಾರಿಯ ದಿನ ಆ ಪಟ್ಟಿ ಮೇಜಿನ ಮೇಲಿತ್ತು. ಮೊದಲ ಪುಟದಲ್ಲೇ ಅವಳ ಹೆಸರು! ಹೇಮಶ್ರೀ, ತಿಮ್ಮೇಶನ ಮನೆ, ಹೊಣಕೆರೆ.

"ಏನ್ರೀ ಇದು? ಸುಳ್ಳು ವಿಳಾಸ ಬರ್ದು ಭಿಕ್ಷೆ ಹಾಕ್ತಿದ್ದೀರಾ? ನಿಮ್ಮೂರ ಹೆಣ್ಮಕ್ಳ ಜಾಗದಲ್ಲಿ ನಾನು ಕಳ್ಳಿಯಂಗೆ ಕೂತ್ಕಬೇಕಾ?"

"ಸುಳ್ಳಲ್ಲ... ಮದ್ವೆ ಆದ್ರೆ ಅದೇ ನಿಮ್ಮನೆ ಅಲ್ವಾ?"

"ಯಾರ್ನ ಕೇಳಿ ಬರುದ್ರಿ? ನಂಗೂ ನಂಬರ್ ಅಂಟ್ಸಿ ಲಾರಿಗೆ ಏರುಸ್ಬುಡಿ!"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿ ಕೂತಿದ್ದ ಪುಣ್ಯಾತ್ಮ!

ಪಟ್ಟಿ ತರುವಂತೆ ಹೊರಗಿನಿಂದ ಮ್ಯಾನೇಜರ್ ಕೂಗಿದರು. ತಿಮ್ಮೇಶ ಪೆನ್ನು ತೆಗೆದು ಅವಳ ಹೆಸರನ್ನು ಹೊಡೆದುಹಾಕಿ, ಪಟ್ಟಿ ಕೊಟ್ಟು ಬಂದ. ಆ ಕೆಲಸ ಇನ್ನು ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವಳೆದುರು ನಿಂತು ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡ.

"ತಪ್ಪಾಯ್ತು. ಈಗ ಕೇಳ್ತೀನಿ. ಕೆಲ್ಸದ ಮಾತಿಲ್ಲ, ಏನಿಲ್ಲ... ನನ್ನ ಮದ್ವೆ ಆಯ್ತೀರಾ?"

ಇಷ್ಟು ದಿನ ಬಾರದ ಅಳು ಆಗ ನುಗ್ಗಿ ಬಂತು. ಹೋದ ಕೆಲಸಕ್ಕೆ, ಅವ್ವನಿಗೆ, ತನಗೆ... ಎಲ್ಲಕ್ಕೂ ಸೇರಿಸಿ ಅತ್ತಳು. ಎದೆ ನೋಯುತ್ತಿತ್ತು. ಆದರೂ ಹಗುರವೆನಿಸಿತು.

"ಬಂದು ನಮ್ಮವ್ವನ್ನ ಕೇಳಿ."

"ಅವ್ವನ್ನೂ ಕೇಳ್ತೀನಿ. ನೀವೇನಂತೀರಾ?"

"ನಾನು... ಊಂ ಅಂತೀನಿ. ಆದ್ರೆ ನಿಮ್ಮೂರಲ್ಲಿ ನನ್ನ ಕೆಲ್ಸ ನಾನೇ ಹುಡುಕ್ಕತೀನಿ."

"ಆಯ್ತು ಕಣಮ್ಮಿ," ಎಂದ ತಿಮ್ಮೇಶ. ಅವಳನ್ನು ಹಾಗೆ ಸಲಿಗೆಯಿಂದ ಕರೆದದ್ದು ಅದೇ ಮೊದಲು.