ಕೀಬೋರ್ಡ್ ಮರೆಯುವ ಮೊದಲು

“ವೈರ್ ಕಿತ್ತಿಲ್ಲ ತಾನೇ?”

ಹನ್ನೊಂದು ತಿಂಗಳ ಮೇಲೆ ಬಾಗಿಲಲ್ಲಿ ನಿಂತವನ ಮೊದಲ ಮಾತು ಇದು! ಅವಳ ಮೈಯೆಲ್ಲ ಉರಿದುಹೋಯಿತು. ಅಣ್ಣನ ಜೀವದ ಗೆಳೆಯ, ಅವಳು ಮನಸ್ಸು ಕೊಟ್ಟವನು... ಅಣ್ಣ ಅಪಘಾತದಲ್ಲಿ ಹೋದಾಗ ಈ ಮಹಾನುಭಾವ ಇತ್ತ ತಲೆ ಹಾಕಿರಲಿಲ್ಲ.

“ಕಿತ್ತಿದ್ದರೆ ನಿನ್ನನ್ನ ಯಾಕೆ ಕರೀತಿದ್ದೆ? ಒಳಗೆ ಬಾ.”

ಅಣ್ಣನ ಕೋಣೆಯಲ್ಲಿ ಕೀಬೋರ್ಡ್ ಅಂದಿನಿಂದ ಆನ್ ಆಗಿಯೇ ಇತ್ತು. ಅವನು ಕೊನೆಯದಾಗಿ ನುಡಿಸಿದ್ದು ಅದರೊಳಗೆ ಉಳಿದಿತ್ತು. ಒಳಗಿನ ಬ್ಯಾಟರಿ ಕೆಟ್ಟಿದ್ದರಿಂದ, ಕರೆಂಟ್ ತಪ್ಪಿದರೆ ಅಷ್ಟೂ ಅಳಿಸಿಹೋಗುತ್ತದೆ. ಇಷ್ಟು ದಿನ ಯುಪಿಎಸ್ ಹೇಗೋ ಕಾಪಾಡಿತ್ತು. ನಾಳೆ ಇಡೀ ದಿನ ಕರೆಂಟ್ ಇಲ್ಲವಂತೆ. ರೆಕಾರ್ಡಿಂಗ್ ಕೆಲಸದ ಇವನನ್ನು ಕರೆಯದೆ ಗತಿಯಿರಲಿಲ್ಲ.

ಅಣ್ಣ ನುಡಿಸಿದ್ದನ್ನು ಕೇಳುವ ಧೈರ್ಯ ಅಮ್ಮನಿಗೂ ಬಂದಿರಲಿಲ್ಲ, ಅವಳಿಗೂ ಬಂದಿರಲಿಲ್ಲ. ಆ ಬಾಗಿಲು ದಾಟುವಾಗೆಲ್ಲ ಅಣ್ಣ ಬೆನ್ನು ಹಾಕಿ ಕೂತಿದ್ದಾನೆ ಅನ್ನಿಸುತ್ತಿತ್ತು.

ಬಂದವನು ಕೀಬೋರ್ಡಿನ ಹೆಡ್‌ಫೋನ್ ಚುಚ್ಚುವ ತೂತಿಗೆ ಕೇಬಲ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಂಪ್ಯೂಟರಿಗೆ ಕೊಟ್ಟ. ತನ್ನ ಹೆಡ್‌ಫೋನ್ ಹಾಕಿಕೊಂಡು ಗುಂಡಿ ಒತ್ತಿ ಕಣ್ಣು ಮುಚ್ಚಿದ.

ಕೀಬೋರ್ಡಿನಿಂದ ಒಂದು ಸದ್ದೂ ಇಲ್ಲ... ಎರಡು ನಿಮಿಷ ಕಾದಳು. ಅಯ್ಯೋ, ಹೋಯಿತಾ?

“ಅಳಿಸಿಬಿಟ್ಟೆಯಾ? ಮೊದಲು ಆ ಕೇಬಲ್ ತೆಗಿ!”

ಅವನಿಗೆ ಕೇಳಿಸಲಿಲ್ಲ. ಅವಳೇ ಹಿಂದಿನಿಂದ ಕೈಹಾಕಿ ಕೇಬಲ್ ಎಳೆದಳು. ಕೈಗೆ ಬಂದದ್ದು ಕೀಬೋರ್ಡಿನ ಕರೆಂಟ್ ವೈರ್.

ಅವನು ಬೆಚ್ಚಿ ಕಣ್ಣು ಬಿಟ್ಟ. “ಏನು ಮಾಡಿಬಿಟ್ಟೆ... ಕೇಬಲ್ ಹಾಕಿದ್ರೆ ಅದರ ಸ್ಪೀಕರ್ ಬಾಯಿ ಮುಚ್ಚುತ್ತೆ. ಎಲ್ಲ ಕಂಪ್ಯೂಟರ್ ಒಳಗೆ ಹೋಗ್ತಿತ್ತು.”

ಅವಳಿಗೆ ಹೆಡ್‌ಫೋನ್ ತೊಡಿಸಿ, ರೆಕಾರ್ಡ್ ಆದಷ್ಟನ್ನು ಹಾಕಿದ. ಅಣ್ಣ! ಅದೇ ಆತುರದ ಬೆರಳು... ಪಕ್ಕದಲ್ಲೇ ಉಸಿರಾಡಿದ ಹಾಗಾಯಿತು. ಸ್ವರ ಮೇಲೇರುತ್ತಿದ್ದಂತೆ ಥಟ್ಟನೆ ಕಡಿದುಹೋಯಿತು. ಉಳಿದದ್ದು ಇನ್ನು ಯಾವತ್ತೂ ಸಿಗದು.

“ನನ್ನ ಕೈಯಾರೆ ಹಾಳು ಮಾಡಿದೆ...” ಅವಳು ಕುಸಿದು ಕೂತಳು.

ಅವನೂ ಎದುರಿಗೆ ಕೂತ. “ಆ ದಿನ ಅವನು, ‘ನಿದ್ದೆಗೆಟ್ಟಿದ್ದೀನಿ, ನೀನು ಗಾಡಿ ಓಡಿಸೋ’ ಅಂದಿದ್ದ. ‘ಕೆಲಸ ಇದೆ, ಒಬ್ಬನೇ ಹೋಗು’ ಅಂದೆ. ಯಾವ ಮುಖ ಇಟ್ಕೊಂಡು ಬರ್ಲಿ ಹೇಳು?”

ಒಂದು ಗಂಟೆ ಮೊದಲಾಗಿದ್ದರೆ ಕತ್ತು ಹಿಡಿದು ದಬ್ಬುತ್ತಿದ್ದಳು. ಈಗ ವೈರ್ ಅವಳ ಕೈಯಲ್ಲೇ ಇತ್ತು. ಅವನು ಹನ್ನೊಂದು ತಿಂಗಳು ಹೇಗೆ ಬದುಕಿರಬಹುದು ಎಂದು ಮೊದಲ ಬಾರಿ ಅರ್ಥವಾಯಿತು.

“ಬೇಕು ಅಂತ ಮಾಡಿದ್ಯಾ?”

“ಇಲ್ಲ.”

“ನಾನೂ ಬೇಕು ಅಂತ ಮಾಡ್ಲಿಲ್ಲ... ನಿನ್ನನ್ನ ಕ್ಷಮಿಸದೆ ನನ್ನನ್ನ ಹೇಗೆ ಕ್ಷಮಿಸಿಕೊಳ್ಳಲಿ?”

ಅವನು ಅತ್ತುಬಿಟ್ಟ. ಅವಳು ಅವನ ಕೈ ಹಿಡಿದಳು.

“ನಾನು ನಿನ್ನನ್ನ...”

“ಗೊತ್ತು. ಆದರೂ ಬಾಯಿಬಿಟ್ಟು ಹೇಳು. ಅರ್ಧಕ್ಕೆ ನಿಲ್ಲಿಸಬೇಡ.”