ಕೋಟೆಬಾಗಿಲ ಕಾವಲುಗಾರನ ಹೆಸರು

"ಓಡಿ ಬಂದಿ. ಮೊದಲ ಉಸಿರು ತಗೋ, ಆಮ್ಯಾಲ ಒಳಗ ಹೋಗೀಯಂತ," ಅಂದ ಕೋಟೆಯ ಕಾವಲುಗಾರ, ಮೇಜಿನ ಮೇಲೆ ಮೂಡಿದ ಬೆಳಕಿನೊಳಗಿಂದ. ಎಡಗಾಲು ಕುಂಟು, ಕಿವಿಯ ಮೇಲೊಂದು ಬೀಡಿ, ಸೊಂಟದಲ್ಲಿ ಬೀಗದಕೈ ಗೊಂಚಲು. ಆತ ಹುಟ್ಟಿ ಇನ್ನೂ ಎರಡು ನಿಮಿಷ ಆಗಿರಲಿಲ್ಲ.

ನೀಲಾಂಬಿಕಾ ಹಡಪದ ಬೆಪ್ಪಾಗಿ ನೋಡುತ್ತ ಕೂತಳು. 2058ರ ವಿಜಯಪುರದಲ್ಲೂ ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಬಾಯಿಮಾತಿನಲ್ಲೇ ಮಾಯಾಲೋಕ ಕಟ್ಟುವ ಆಟದ ಗೀಳು ಜನರನ್ನು ಬಿಟ್ಟಿರಲಿಲ್ಲ. ಆಡುವವರೆಲ್ಲ ವೀರರು, ಮಾಟಗಾರ್ತಿಯರು. ಅಂಗಡಿಯವ, ಗಾಡಿ ಹೊಡೆಯುವವ, ಕಾವಲುಗಾರ ಆಗುವುದು ಯಾರಿಗೆ ಬೇಕು ಹೇಳಿ? ಅವರನ್ನೆಲ್ಲ ಆಟ ನಡೆಸುವ ನೀಲಾಂಬಿಕಾಳೇ ಹುಟ್ಟಿಸಬೇಕು. ಅದಕ್ಕೆಂದೇ ಅವಳ ಗೆಳತಿ, ನರವಿಜ್ಞಾನಿ ತಬಸ್ಸುಮ್ ಇನಾಮದಾರ, ಈ 'ಪಾತ್ರಗಾರ' ಯಂತ್ರ ಮಾಡಿದ್ದು. ಹಣೆಗೊಂದು ಬಿಲ್ಲೆ ಅಂಟಿಸಿಕೊಂಡು "ಕಾವಲುಗಾರ" ಅಂದರೆ ಸಾಕು. ನೆನಪು ಮಿದುಳಿನಲ್ಲಿ ಒಂದೇ ಕಡೆ ಇರುವುದಿಲ್ಲವಲ್ಲ, ದನಿ ಒಂದು ಕಡೆ, ನಡಿಗೆ ಇನ್ನೊಂದು ಕಡೆ. ಯಂತ್ರ ಬಿಲ್ಲೆ ಹಚ್ಚಿಕೊಂಡವರ ನೆನಪಿನ ಆ ಚೂರುಗಳನ್ನು ಹೆಕ್ಕಿ, ಕೌದಿ ಹೊಲಿದಂತೆ ಹೊಲಿದು ಬೆಳಕಿನಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಿತ್ತು.

ಎಲ್ಲ ಸರಿ, ಈ ಕಾವಲುಗಾರನ ಹೆಸರಿನ ಜಾಗ ಮಾತ್ರ ಖಾಲಿ.

"ಅದೊಂದು ದೋಷ," ಅಂದಳು ತಬಸ್ಸುಮ್. "ಕೆಲವು ಪಾತ್ರಕ್ಕ ಹೆಸರೇ ಬರಂಗಿಲ್ಲ. ನಾಳೆ ಸರಿ ಮಾಡ್ತೀನಿ, ತಾನೇ ಒಂದು ಹೆಸರು ತುಂಬ್ಕೊಳ್ತದ."

"ತಡಿಯವಾ. ಈ ಮನಷ್ಯಾ ನನಗ ಗೊತ್ತು."

ಮೂವತ್ತೆರಡು ವರ್ಷದ ಹಿಂದೆ, ಪಿಯುಸಿ ಗಣಿತ ಪರೀಕ್ಷೆಯ ದಿನ, ಅವಳ ಬಸ್ಸು ಕೆಟ್ಟು ನಿಂತಿತ್ತು. ಓಡಿ ಬಂದರೆ ಕಾಲೇಜಿನ ಗೇಟು ಹಾಕಿತ್ತು. ಫೇಲಾದರೆ ಮದುವೆ ಅಂತ ಮನೆಯಲ್ಲಿ ಗಂಡು ನೋಡಿಟ್ಟಿದ್ದರು. ಇದೇ ಕಾವಲುಗಾರ, ಇದೇ ಮಾತು ಹೇಳಿ, ಪಕ್ಕದ ಸಣ್ಣ ಬಾಗಿಲು ತೆಗೆದಿದ್ದ. ಫಲಿತಾಂಶ ಬಂದಾಗ ಓಣಿಗೆಲ್ಲ ಪೇಢೆ ಹಂಚಿದಳು, ಆತನಿಗೆ ಕೊಡಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ಬೇಕು.

"ಯಂತ್ರದ ದೋಷ ಅಲ್ಲ ತಬಸ್ಸು," ಅಂದಳು ಗಣಿತದ ಉಪನ್ಯಾಸಕಿ ನೀಲಾಂಬಿಕಾ. ನಾಚಿಕೆಗೆ ದನಿಯೇ ಇಳಿದಿತ್ತು. "ಹೆಸರು ನಾನು ಕೇಳೇ ಇಲ್ಲ. ಆತ ಇನ್ನೂ ಇದ್ದಾನೋ ಇಲ್ಲೋ."

ಮರುದಿನ ಕಾಲೇಜಿನ ಹಳೇ ಗುಮಾಸ್ತರೊಬ್ಬರು ವಿಳಾಸ ಹೇಳಿದರು. ಧೂಳಪ್ಪ ಹೊಸಮನಿ, ವಯಸ್ಸು ಎಂಬತ್ತಾರು, ಸ್ಟೇಷನ್ ಹಿಂದಿನ ಓಣಿ. ಅಜ್ಜ ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ. ನೀಲಾಂಬಿಕಾ ಕಾಲು ಮುಟ್ಟಿ, ನಡೆದದ್ದನ್ನೆಲ್ಲ ಹೇಳಿ, ಪೇಢೆ ಪೊಟ್ಟಣ ಕೈಗಿಟ್ಟಳು.

"ನೆನಪಿಲ್ಲ ಯವ್ವಾ. ವರ್ಷಕ್ಕ ಹತ್ತು ಮಂದಿ ತಡಾ ಮಾಡಿ ಬರೋರು," ಅಂದ ಅಜ್ಜ. ಒಂದು ಪೇಢೆ ಮುರಿದು ಬಾಯಿಗಿಟ್ಟುಕೊಂಡು ಕೇಳಿದ: "ಪೇಪರ್ ಛಲೋ ಆಗಿತ್ತೇನು?"

"ಛಲೋ ಆಗಿತ್ತಜ್ಜಾ," ಅಂದಳು. ಕಣ್ಣೊರೆಸಿಕೊಳ್ಳಲೂ ಇಲ್ಲ.

ಭಾನುವಾರದ ಆಟದಲ್ಲಿ ಕೋಟೆಬಾಗಿಲಲ್ಲಿ ನಿಂತವನ ಹೆಸರು ಧೂಳಪ್ಪ. ತಬಸ್ಸುಮ್ ಆ ದೋಷವನ್ನು ಮಾತ್ರ ತಿದ್ದಲಿಲ್ಲ, ಬೇಕಂತಲೇ ಬಿಟ್ಟಳು. ಯಂತ್ರ ಮನೆಮನೆಗೆ ಹೋದ ಮೇಲೆ, ಆ ಖಾಲಿ ಜಾಗ ನೋಡಿ ಪೇಢೆ ಹಿಡಿದು ಹೊರಟವರು ಬಹಳ ಮಂದಿ. ಅವರಲ್ಲಿ ಎಷ್ಟೋ ಜನಕ್ಕೆ ತಡವಾಗಿಹೋಗಿತ್ತು.

ಇದೆಲ್ಲ ಆಗಲು ಇನ್ನೂ ಮೂವತ್ತು ಚಿಲ್ಲರೆ ವರ್ಷ ಬೇಕು. ಸದ್ಯಕ್ಕೆ ಆ ಕಾವಲುಗಾರರೆಲ್ಲ ನಮ್ಮ ಗೇಟುಗಳಲ್ಲೇ ನಿಂತಿದ್ದಾರೆ, ಕೇಳಿದರೆ ಹೆಸರು ಹೇಳುತ್ತಾರೆ.